ಕಿವಿಯೊಳಗಿನ ರಂಗಮಂಟಪ

(ಸಂಗೀತಾಸಕ್ತರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)



ಕಳೆದ ದೀಪಾವಳಿಗೆ ಅಕ್ಕನ ಮಗ ಮನೆಗೆ ಬಂದಿದ್ದ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಚೀಲದಿಂದ ದೊಡ್ಡದೊಂದು ಡಬ್ಬಿ ತೆಗೆದ. ಅದರೊಳಗಿದ್ದ ಹೆಡ್‌ಫೋನನ್ನು ನನ್ನ ತಲೆಗೆ ತೊಡಿಸಿ, 'ಮಾಮ, ಕಣ್ಣು ಮುಚ್ಚಿಕೊಂಡು ಕೇಳಿ. ಸ್ಟೇಜ್ ಎಷ್ಟು ಅಗಲ ಇದೆ ನೋಡಿ' ಎಂದ. ಬೆಲೆ ಕೇಳಿದೆ. ಅವನ ಒಂದು ತಿಂಗಳ ಸಂಬಳ. ಅಷ್ಟು ದುಡ್ಡು ಕೊಟ್ಟ ಮೇಲೆ ಸ್ಟೇಜ್ ಕಾಣಲೇಬೇಕು ಎಂದುಕೊಂಡು ಕಣ್ಣು ಮುಚ್ಚಿದೆ. ಕಚೇರಿಯೊಂದರ ಧ್ವನಿಮುದ್ರಣ. ಪಿಟೀಲು ಒಂದು ಕಿವಿಗೆ ಅಂಟಿಕೊಂಡಿತ್ತು, ಮೃದಂಗ ಇನ್ನೊಂದಕ್ಕೆ. ಹಾಡುವವರು ನನ್ನ ನೆತ್ತಿಯ ಕೆಳಗೆ, ಎರಡು ಕಿವಿಗಳ ನಡುವೆ ಎಲ್ಲೋ ಚಕ್ಕಳಮಕ್ಕಳ ಹಾಕಿ ಕುಳಿತಿದ್ದರು. 'ಸ್ಟೇಜ್ ಎಲ್ಲಿದೆಯೋ? ಎಲ್ಲರೂ ನನ್ನ ಬುರುಡೆಯೊಳಗೇ ಇದ್ದಾರಲ್ಲ' ಎಂದೆ. ಅವನು ನಕ್ಕು, 'ನಿಮ್ಮ ಕಿವಿಗೆ ವಯಸ್ಸಾಯ್ತು ಮಾಮ' ಎಂದ.

ಮಾತು ಸ್ವಲ್ಪ ಚುಚ್ಚಿತು. ಅವನಿಗೆ ಕಚೇರಿ ಎದುರಿಗೆ, ಮೂರು ನಾಲ್ಕು ಅಡಿ ದೂರದಲ್ಲಿ ನಡೆಯುತ್ತಿರುವಂತೆ ಕೇಳಿಸುತ್ತಿತ್ತಂತೆ. ಸುಳ್ಳು ಹೇಳುವ ಹುಡುಗನಲ್ಲ. ಯಂತ್ರ ಒಂದೇ, ಹಾಡು ಒಂದೇ. ಹಾಗಿದ್ದ ಮೇಲೆ ಇಬ್ಬರಲ್ಲಿ ಯಾರ ಕಿವಿ ಸರಿ? ಈ ಪ್ರಶ್ನೆಯ ಹಿಂದೆ ಬಿದ್ದು ಓದಿದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಥೆ 1881ರ ಪ್ಯಾರಿಸ್ಸಿನಿಂದ ಶುರುವಾಗುತ್ತದೆ. ಆ ವರ್ಷ ಅಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ಪ್ರದರ್ಶನ ನಡೆಯಿತು. ಟೆಲಿಫೋನ್ ಹುಟ್ಟಿ ಆಗಿನ್ನೂ ಐದೇ ವರ್ಷ. ಕ್ಲೆಮಾಂ ಅದೇರ್ ಎಂಬ ಎಂಜಿನಿಯರು ಪ್ಯಾರಿಸ್ ಒಪೆರಾದ ವೇದಿಕೆಯ ಅಂಚಿನಲ್ಲಿ, ದೀಪದ ಸಾಲಿನ ಉದ್ದಕ್ಕೂ, ಎಡಗಡೆ ಕೆಲವು ಬಲಗಡೆ ಕೆಲವು ಟೆಲಿಫೋನ್ ಪ್ರೇಷಕಗಳನ್ನು ಇಟ್ಟರು. ಅಲ್ಲಿಂದ ತಂತಿಗಳು ಊರೊಳಗೆ ಹಾದು ಪ್ರದರ್ಶನದ ಕಟ್ಟಡಕ್ಕೆ ಬಂದವು. ಜನ ಸಾಲುಗಟ್ಟಿ ನಿಂತು, ಎರಡು ಕಿವಿಗೆ ಎರಡು ರಿಸೀವರ್ ಹಿಡಿದು ಹಾಡು ಕೇಳಿದರು. ಎಡಗಿವಿಯದು ಎಡಗಡೆಯ ಪ್ರೇಷಕದಿಂದ, ಬಲಗಿವಿಯದು ಬಲಗಡೆಯದರಿಂದ. ಗಾಯಕ ವೇದಿಕೆಯ ಮೇಲೆ ಈ ಕಡೆಯಿಂದ ಆ ಕಡೆಗೆ ನಡೆದರೆ ಅದೂ ಕೇಳುಗರಿಗೆ ತಿಳಿಯುತ್ತಿತ್ತು. ಒಂದೇ ರಿಸೀವರಿನಲ್ಲಿ ಕೇಳಿದಾಗ ಸಿಗದ ಉಬ್ಬುತಗ್ಗು ಎರಡರಲ್ಲಿ ಸಿಗುತ್ತದೆ ಎಂದು ಅಂದಿನ ವಿಜ್ಞಾನ ಪತ್ರಿಕೆಗಳು ಬೆರಗಿನಿಂದ ಬರೆದವು. ಇದೇ ಮುಂದೆ 1890ರಲ್ಲಿ ಥಿಯೇಟ್ರೋಫೋನ್ ಎಂಬ ವ್ಯಾಪಾರವಾಗಿ, ಹೋಟೆಲುಗಳಲ್ಲಿ ನಾಣ್ಯ ಹಾಕಿ ಒಪೆರಾ ಕೇಳುವ ಪೆಟ್ಟಿಗೆಯಾಗಿ, 1932ರವರೆಗೆ ನಡೆಯಿತು. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್ ಕೂಡ ಅದರ ಚಂದಾದಾರ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಕಾಲದ ಟೆಲಿಫೋನಿನ ಧ್ವನಿ ಎಷ್ಟು ಕಳಪೆ ಎಂದು ಬಿಡಿಸಿ ಹೇಳಬೇಕಿಲ್ಲ. ಮಂದ್ರವೂ ಇಲ್ಲ, ತಾರವೂ ಇಲ್ಲ, ನಡುವಿನ ಒಂದು ತುಂಡು ಮಾತ್ರ. ಆದರೂ ಎಡ ಬಲ ಗೊತ್ತಾಯಿತು. ಎಂದರೆ ಎಡ ಬಲ ತಿಳಿಯಲು ದುಬಾರಿ ಯಂತ್ರ ಬೇಡ. ಬೀದಿ ಬದಿಯಲ್ಲಿ ಸಿಗುವ ಅಗ್ಗದ ಹೆಡ್‌ಫೋನಿಗೂ ಅದು ಗೊತ್ತು. ದುಡ್ಡು ಬೇಡುವುದು ಬೇರೆ ಎರಡು ಸಂಗತಿಗಳು: ಮುಂದೆ ಮತ್ತು ದೂರ.

ಎಡ ಬಲದ ಲೆಕ್ಕ ಬಿಡಿಸಿದವರು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀ. ಎಡಗಡೆಯಿಂದ ಬಂದ ಸದ್ದು ಎಡಗಿವಿಗೆ ಮೊದಲು ಮುಟ್ಟುತ್ತದೆ, ತಲೆಯನ್ನು ಬಳಸಿಕೊಂಡು ಬಲಗಿವಿಗೆ ತಡವಾಗಿ ಮುಟ್ಟುತ್ತದೆ. ಎಷ್ಟು ತಡ? ಹೆಚ್ಚೆಂದರೆ ಸೆಕೆಂಡಿನ ಸಾವಿರದ ಐನೂರನೇ ಒಂದು ಭಾಗ. ಮಿದುಳು ಅದಕ್ಕಿಂತ ಎಷ್ಟೋ ಪಾಲು ಸಣ್ಣ ವ್ಯತ್ಯಾಸವನ್ನೂ ಹಿಡಿಯಬಲ್ಲದು. ಮಂದ್ರದ ಸದ್ದುಗಳಲ್ಲಿ ಈ ತಡವೇ ಗುರುತು. ತಾರದ ಸದ್ದುಗಳ ಅಲೆ ಚಿಕ್ಕದು. 3000 ಹರ್ಟ್ಸ್ ಸದ್ದಿನ ಅಲೆಯುದ್ದ ಸುಮಾರು 11 ಸೆಂಟಿಮೀಟರ್, ನಮ್ಮ ತಲೆಗಿಂತ ಕಿರಿದು. ಅದು ತಲೆಯನ್ನು ಬಳಸಿ ಹೋಗಲಾರದೆ ಆ ಬದಿಯಲ್ಲಿ ನೆರಳು ಬೀಳಿಸುತ್ತದೆ. ಆ ಕಿವಿಗೆ ಸದ್ದು ಕ್ಷೀಣ. ಇದನ್ನೆಲ್ಲ ಜೋಡಿಸಿ ರೇಲೀ 1907ರಲ್ಲಿ ಪ್ರಕಟಿಸಿದರು.

ಅದಕ್ಕೂ ಮೂವತ್ತು ವರ್ಷ ಮೊದಲೇ ಅವರು ಒಂದು ಸರಳ ಪ್ರಯೋಗ ಮಾಡಿದ್ದರು. ಹುಲ್ಲುಹಾಸಿನ ನಡುವೆ ಕಣ್ಣು ಮುಚ್ಚಿ ನಿಂತು, ಸುತ್ತ ನಿಂತವರು ಮಾತಾಡಿದರೆ ಯಾವ ದಿಕ್ಕಿನಿಂದ ಎಂದು ಹೇಳಬೇಕು. ಹೇಳಲು ಕಷ್ಟವಾಗಲಿಲ್ಲ. ಆದರೆ ಮಾತಿನ ಬದಲು ಶ್ರುತಿಕವೆಯ ಶುದ್ಧ ನಾದ ಕೇಳಿಸಿದಾಗ ಎಡ ಬಲ ಗೊತ್ತಾಯಿತೇ ಹೊರತು ಮುಂದೆಯೋ ಹಿಂದೆಯೋ ತಿಳಿಯಲಿಲ್ಲ. ಯೋಚಿಸಿ ನೋಡಿ. ಮೂಗಿನ ನೇರಕ್ಕೆ ಇರುವ ಸದ್ದೂ, ಬೆನ್ನ ಹಿಂದಿನ ಸದ್ದೂ ಎರಡು ಕಿವಿಗೂ ಒಂದೇ ಹೊತ್ತಿಗೆ, ಒಂದೇ ಜೋರಿನಲ್ಲಿ ಮುಟ್ಟುತ್ತವೆ. ಎಡ ಬಲದ ಲೆಕ್ಕ ಅಲ್ಲಿ ಸೋಲುತ್ತದೆ. ಹಾಗಾದರೆ ಮಾತಿನಲ್ಲಿ ಮುಂದೆ ಹಿಂದೆ ತಿಳಿಸಿಕೊಟ್ಟವರು ಯಾರು?

ನಮ್ಮ ಹೊರಕಿವಿ. ಮೇಷ್ಟರು ಹಿಂಡುತ್ತಿದ್ದರಲ್ಲ, ಅದೇ ಕಿವಿ. ಅದರ ಮಡಿಕೆ, ಗುಳಿ, ಏಣುಗಳು ಒಡವೆ ತೂಗುಹಾಕಲಿಕ್ಕೆ ಮಾತ್ರ ಇರುವುದಲ್ಲ. ಬಂದ ಸದ್ದು ಆ ಮಡಿಕೆಗಳಿಗೆ ಬಡಿದು ಪುಟಿದು ತನ್ನ ಜೊತೆ ತಾನೇ ಬೆರೆಯುತ್ತದೆ. ಕೆಲವು ಕಂಪನಾಂಕಗಳು ಉಬ್ಬುತ್ತವೆ, ಕೆಲವು ತಗ್ಗುತ್ತವೆ. ಮುಖ್ಯವಾಗಿ 5000 ಹರ್ಟ್ಸಿನಿಂದ ಮೇಲೆ. ಮುಂದಿನಿಂದ ಬಂದರೆ ಒಂದು ಬಗೆಯ ಉಬ್ಬುತಗ್ಗು, ಹಿಂದಿನಿಂದ ಬಂದರೆ ಇನ್ನೊಂದು, ಮೇಲಿನಿಂದ ಬಂದರೆ ಮತ್ತೊಂದು. ಮಿದುಳಿಗೆ ಈ ಗುರುತುಗಳೆಲ್ಲ ಚಿಕ್ಕಂದಿನಿಂದ ಬಾಯಿಪಾಠ. ಶ್ರುತಿಕವೆಯಲ್ಲಿ ಒಂದೇ ಕಂಪನಾಂಕ ಇರುವುದರಿಂದ ಗುರುತು ಮೂಡಲು ಜಾಗವೇ ಇಲ್ಲ.

ಸ್ವಲ್ಪ ಹೊತ್ತಿನ ಮೊದಲು ನೀವೆಲ್ಲ ಕಣ್ಣು ಮುಚ್ಚಿಕೊಂಡು, ನಾನು ಬೀಗದ ಕೈ ಗೊಂಚಲನ್ನು ನೆತ್ತಿಯ ಮೇಲೆ, ಎದೆಯ ಮುಂದೆ ಅಲ್ಲಾಡಿಸಿದಾಗ ಸರಿಯಾಗಿ ಬೆರಳು ತೋರಿಸಿದಿರಿ. ಹೊರಕಿವಿಯನ್ನು ಬೆರಳಿನಿಂದ ಮಡಚಿ ಹಿಡಿದುಕೊಂಡಾಗ ನಿಮ್ಮಲ್ಲಿ ಅರ್ಧ ಜನ ತಪ್ಪಿದಿರಿ. ಇದನ್ನೇ ನೆದರ್‌ಲೆಂಡ್ಸಿನ ಹಾಫ್‌ಮನ್ ಮತ್ತು ಸಂಗಡಿಗರು ಶಾಸ್ತ್ರೀಯವಾಗಿ ಮಾಡಿ 1998ರಲ್ಲಿ ವರದಿ ಮಾಡಿದರು. ಕೆಲವರ ಹೊರಕಿವಿಯ ಗುಳಿಗಳಿಗೆ ಅಚ್ಚು ತುಂಬಿ ಅದರ ಆಕಾರ ಬದಲಿಸಿದರು. ಕೂಡಲೇ ಅವರಿಗೆ ಸದ್ದು ಮೇಲಿನದೋ ಕೆಳಗಿನದೋ ತಿಳಿಯದಾಯಿತು. ಆದರೆ ಕೆಲವೇ ವಾರಗಳಲ್ಲಿ ಹೊಸ ಕಿವಿಯನ್ನೂ ಮಿದುಳು ಕಲಿತುಕೊಂಡಿತು. ಇನ್ನೂ ಸೋಜಿಗವೆಂದರೆ, ಅಚ್ಚು ತೆಗೆದ ಮೇಲೆ ಹಳೆಯ ಕಿವಿಯ ಪಾಠ ಒಂದಿಷ್ಟೂ ಮರೆತಿರಲಿಲ್ಲ. ಎರಡು ಭಾಷೆ ಬಲ್ಲವರ ಹಾಗೆ.

ಈಗ ಹೆಡ್‌ಫೋನಿಗೆ ಬರೋಣ. ಸ್ಪೀಕರಿನಿಂದ ಹೊರಟ ಸದ್ದು ಕೋಣೆಯಲ್ಲಿ ಹರಿದು, ಹೆಗಲಿಗೆ ತಾಗಿ, ತಲೆಯನ್ನು ಬಳಸಿ, ಹೊರಕಿವಿಯ ಮಡಿಕೆಗಳಲ್ಲಿ ಆಡಿ, ಕಿವಿಯ ನಾಳ ಹೊಕ್ಕು ತಮಟೆಗೆ ಮುಟ್ಟುತ್ತದೆ. ಹೆಡ್‌ಫೋನ್ ಈ ದಾರಿಯನ್ನೆಲ್ಲ ಬಿಟ್ಟು ಅಡ್ಡದಾರಿ ಹಿಡಿಯುತ್ತದೆ. ಕಿವಿಯೊಳಗೆ ತುರುಕುವ ಪುಟ್ಟ ಇಯರ್‌ಫೋನ್ ಅಂತೂ ಹೊರಕಿವಿಯನ್ನು ಮಾತಾಡಿಸುವುದೇ ಇಲ್ಲ. ಇದರಿಂದ ಎರಡು ತೊಂದರೆಗಳು.

ಮೊದಲನೆಯದು ಉಪ್ಪಿನ ಲೆಕ್ಕ. ನಮ್ಮ ಹೊರಕಿವಿ ಮತ್ತು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ನಾಳ ಸೇರಿ, ಕೊಳಲಿನ ಹಾಗೆ, 3000 ಹರ್ಟ್ಸಿನ ಆಸುಪಾಸಿನ ಸದ್ದನ್ನು ಹತ್ತು ಡೆಸಿಬೆಲ್‌ಗೂ ಮೀರಿ ಹೆಚ್ಚಿಸುತ್ತವೆ. ಎಂದರೆ ಶಕ್ತಿಯಲ್ಲಿ ಹತ್ತು ಪಟ್ಟಿಗೂ ಹೆಚ್ಚು. ಹುಟ್ಟಿನಿಂದ ಅದೇ ರುಚಿ ನಮಗೆ ಸಹಜ. ಸಾರಿಗೆ ಉಪ್ಪು ಹಾಕುವುದು ನಮ್ಮ ಕಿವಿಯೇ. ಅಡುಗೆಯವನನ್ನು ದಾಟಿ ನೇರ ಎಲೆಗೆ ಬಡಿಸುವ ಹೆಡ್‌ಫೋನ್ ಆ ಉಪ್ಪನ್ನು ತಾನೇ ಹಾಕಿಕೊಂಡು ಬರಬೇಕು. ಒಳ್ಳೆಯ ಸ್ಪೀಕರ್ ಎಲ್ಲ ಕಂಪನಾಂಕಗಳನ್ನೂ ಸಮನಾಗಿ ನುಡಿಸಬೇಕು ಎನ್ನುವುದು ಸರಿ. ಹೆಡ್‌ಫೋನ್ ಹಾಗೆ ಸಮನಾಗಿ ನುಡಿಸಿದರೆ ಹಾಡು ಕಂಬಳಿ ಹೊದ್ದಂತೆ ಮಂಕಾಗುತ್ತದೆ.

ಸರಿ, ಎಷ್ಟು ಉಪ್ಪು? ಇಲ್ಲೇ ಜಗಳ. ಯಾವ ಕಂಪನಾಂಕವನ್ನು ಎಷ್ಟು ಜೋರಾಗಿ ನುಡಿಸುತ್ತದೆ ಎಂಬ ನಕ್ಷೆಗೆ ಫ್ರೀಕ್ವೆನ್ಸಿ ರೆಸ್ಪಾನ್ಸ್ ಎನ್ನುತ್ತಾರೆ. ಸದ್ದು ಮುಂದಿನಿಂದ ಬಂದರೆ ತಮಟೆಯ ಬಳಿ ಒಂದು ನಕ್ಷೆ, ಸುತ್ತ ಎಲ್ಲ ಕಡೆಯಿಂದ ಬಂದರೆ ಇನ್ನೊಂದು. ಹೆಡ್‌ಫೋನ್ ಯಾವುದನ್ನು ಅನುಸರಿಸಬೇಕು? ಮೊದಮೊದಲು ಮುಂದಿನಿಂದ ಬರುವ ಸದ್ದಿನದೇ ಮಾದರಿಯಾಗಿತ್ತು. ಜರ್ಮನಿಯ ಗುಂಟರ್ ಟೈಲೆ 1986ರಲ್ಲಿ, ಸುತ್ತಲಿನಿಂದ ಬರುವ ಸದ್ದಿನ ನಕ್ಷೆಯೇ ಸ್ಟುಡಿಯೋ ಹೆಡ್‌ಫೋನಿಗೆ ಸೂಕ್ತ ಎಂದು ವಾದಿಸಿದರು. ಅದು ಬಹುಕಾಲ ನಡೆಯಿತು. 2012ರಿಂದೀಚೆಗೆ ಅಮೆರಿಕದ ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಕೇಳುಗರನ್ನೇ ಕೂಡಿಸಿ ಕೇಳಿದಾಗ, ಹೆಚ್ಚಿನವರು ಮೆಚ್ಚಿದ್ದು ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರು ಕಿವಿಯ ಬಳಿ ಉಂಟುಮಾಡುವಂಥ ನಕ್ಷೆಯನ್ನು: ಮಂದ್ರ ಸ್ವಲ್ಪ ಮುಂದು, ತಾರ ನಿಧಾನಕ್ಕೆ ಇಳಿಮುಖ.

ಸ್ಟೇಜಿನ ಗುಟ್ಟು ಈ ನಕ್ಷೆಯ ಅಂಕುಡೊಂಕುಗಳಲ್ಲಿ ದೊಡ್ಡ ಪಾಲು ಅಡಗಿದೆ. 2000ದಿಂದ 4000 ಹರ್ಟ್ಸ್ ನಡುವೆ ಕೊಂಚ ತಗ್ಗಿಸಿದರೆ ಹಾಡುವವರು ಎರಡು ಹೆಜ್ಜೆ ಹಿಂದೆ ಸರಿದಂತೆ ಕೇಳಿಸುತ್ತದೆ. ಅದನ್ನೇ ಏರಿಸಿದರೆ ಮುಖದ ಮೇಲೇ ಬಂದು ಹಾಡುತ್ತಾರೆ. ಜರ್ಮನಿಯವರೇ ಆದ ಯೆನ್ಸ್ ಬ್ಲಾವರ್ಟ್ 1960ರ ದಶಕದ ಕೊನೆಯಲ್ಲಿ ತೋರಿಸಿದ್ದು ಇನ್ನೂ ವಿಚಿತ್ರ. ಕಿರಿದಾದ ಕಂಪನಾಂಕ ಪಟ್ಟಿಯ ಸದ್ದನ್ನು ಮುಂದಿನಿಂದ ಕೇಳಿಸಿದರೂ ಹಿಂದಿನಿಂದ ಕೇಳಿಸಿದರೂ, ಜನ ದಿಕ್ಕು ಹೇಳುವುದು ಕಂಪನಾಂಕವನ್ನು ನೋಡಿ! 1000 ಹರ್ಟ್ಸ್ ಬಳಿಯದು ಹಿಂದೆ, 4000ದ ಬಳಿಯದು ಮುಂದೆ, 8000ದ ಬಳಿಯದು ನೆತ್ತಿಯ ಮೇಲೆ. ಸದ್ದು ನಿಜಕ್ಕೂ ಎಲ್ಲಿದೆ ಎಂಬುದಕ್ಕೆ ಬೆಲೆಯೇ ಇಲ್ಲ. ಹೀಗಿರುವಾಗ ಹೆಡ್‌ಫೋನಿನಲ್ಲಿ 8000ದ ಬಳಿ ಒಂದು ಉಬ್ಬಿದ್ದರೆ ತಾಳದ ಝಣತ್ಕಾರ ತಲೆಯ ಮೇಲಕ್ಕೆ ಹಾರಿದಂತೆ ಅನಿಸಿದರೆ ಆಶ್ಚರ್ಯವಿಲ್ಲ. ಕೇಳಿದವರು 'ಆಹಾ, ಎತ್ತರವೂ ಇದೆ' ಎನ್ನುತ್ತಾರೆ. ಅದು ಧ್ವನಿಮುದ್ರಣದಲ್ಲಿ ಇರಲಿಲ್ಲ. ಯಂತ್ರದ ದೋಷವನ್ನು ಮಿದುಳು ಎತ್ತರವೆಂದು ಓದಿಕೊಂಡಿತು.

ಎರಡನೆಯ ತೊಂದರೆ ಧ್ವನಿಮುದ್ರಣದ್ದು. ಸ್ಟೀರಿಯೋ ಮುದ್ರಣಗಳು ಹೆಚ್ಚಾಗಿ ಸ್ಪೀಕರಿಗಾಗಿ ತಯಾರಾದವು. ಎಡ ಸ್ಪೀಕರಿನ ಸದ್ದು ಬಲಗಿವಿಗೂ ಸ್ವಲ್ಪ ತಡವಾಗಿ, ಸ್ವಲ್ಪ ಮಂಕಾಗಿ ಬಂದೇ ಬರುತ್ತದೆ. ಹೆಡ್‌ಫೋನಿನಲ್ಲಿ ಎಡದ್ದು ಎಡಕ್ಕೆ ಮಾತ್ರ. ಪ್ರಕೃತಿಯಲ್ಲಿ ಒಂದೇ ಕಿವಿಗೆ ಕೇಳುವ ಸದ್ದು ಯಾವುದು? ಕಿವಿಯ ಬುಡದಲ್ಲಿ ಗುಂಯ್‌ಗುಡುವ ಸೊಳ್ಳೆ. ಅದಕ್ಕೇ ನನ್ನ ಪಿಟೀಲು ಸೊಳ್ಳೆಯ ಹಾಗೆ ಕಿವಿಗೆ ಅಂಟಿಕೊಂಡಿದ್ದು. ಮಿದುಳಿನ ತೀರ್ಪು ಸರಿಯಾಗಿಯೇ ಇತ್ತು. ಅಮೆರಿಕದ ಮಿಲ್ವಾಕಿಯಲ್ಲಿ ಜಾನ್ ಕಾಸ್ 1958ರಲ್ಲಿ ಸ್ಟೀರಿಯೋ ಹೆಡ್‌ಫೋನನ್ನು ಜನರ ಮುಂದಿಟ್ಟರು. ಮೂರೇ ವರ್ಷದಲ್ಲಿ, 1961ರಲ್ಲಿ, ಬೆಂಜಮಿನ್ ಬವರ್ ಈ ದೋಷಕ್ಕೆ ಮದ್ದು ಸೂಚಿಸಿದರು: ಎಡದ ಸದ್ದನ್ನು ಒಂದಿಷ್ಟು ತಡಮಾಡಿ, ತಗ್ಗಿಸಿ ಬಲಕ್ಕೆ ಬೆರೆಸುವ ಮಂಡಲ. ಇದರಿಂದ ಸೊಳ್ಳೆ ದೂರ ಹೋಗುತ್ತದೆ, ನಿಜ. ಆದರೆ ಸ್ಟೇಜ್ ಅಗಲವಾಗುವ ಬದಲು ಕಿರಿದಾಯಿತೆಂದು ಗೊಣಗುವವರೇ ಹೆಚ್ಚು. ಉತ್ಪ್ರೇಕ್ಷೆಯ ರುಚಿ ಹತ್ತಿದ ನಾಲಗೆಗೆ ಸತ್ಯ ಸಪ್ಪೆ.

ಎಂಜಿನಿಯರುಗಳು ಸುಮ್ಮನೆ ಕೂರಲಿಲ್ಲ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಹೊರಗೆ ತಂದ ಎಚ್‌ಡಿ 414 ಹೆಡ್‌ಫೋನಿನ ಬೆನ್ನು ತೆರೆದಿತ್ತು, ಕಿವಿಗೆ ಹಳದಿ ಸ್ಪಂಜಿನ ಮೆತ್ತೆ. ಅದಕ್ಕೂ ಮೊದಲಿನವು ಕಿವಿಯ ಮೇಲೆ ಬಟ್ಟಲು ಕವುಚಿದಂತಿದ್ದವು. ಮುಚ್ಚಿದ ಬಟ್ಟಲಿನೊಳಗೆ ಸದ್ದು ಗೋಡೆಗೆ ಬಡಿದು ಮರಳಿ ಕಿವಿಗೆ ಬರುತ್ತದೆ. ನಾವು ಸಣ್ಣ ಡಬ್ಬಿಯೊಳಗೆ ಇದ್ದೇವೆ ಎಂದು ಮಿದುಳು ತಿಳಿಯುತ್ತದೆ. ತೆರೆದ ಬೆನ್ನಿನಲ್ಲಿ ಸದ್ದು ಹೊರಗೆ ಹೋಗುತ್ತದೆ. ಹೊರಗಿನ ಫ್ಯಾನಿನ ಸದ್ದು, ಹಕ್ಕಿಯ ಸದ್ದು ಒಳಗೆ ಬರುತ್ತವೆ, ಸುತ್ತ ಕೋಣೆ ಇದೆ ಎಂಬ ಸಮಾಧಾನ ಉಳಿಯುತ್ತದೆ. ಹಾಗೆಂದು ಬಸ್ಸಿನಲ್ಲಿ ಅದನ್ನು ತೊಡಬೇಡಿ. ಎಂಜಿನ್ನಿನ ಸದ್ದು ಮೀರಿಸಲು ವಾಲ್ಯೂಮ್ ಏರಿಸುತ್ತೀರಿ, ಸ್ಟೇಜಿನ ಜೊತೆ ಕಿವಿಯೂ ಹೋಗುತ್ತದೆ.

ಇದೇ ದಾರಿಯ ಕೊನೆ ಮುಟ್ಟಿದ್ದು ವಿಯೆನ್ನಾದ ಎಕೆಜಿ ಕಂಪನಿ. 1989ರಲ್ಲಿ ಅವರು ಕೆ 1000 ಎಂಬುದನ್ನು ತಂದರು. ಅದು ಕಿವಿಗೆ ತಾಗುವುದೇ ಇಲ್ಲ. ಕಣತಲೆಯ ಬಳಿ ಊರಿಕೊಂಡು, ಎರಡು ಪುಟ್ಟ ಸ್ಪೀಕರುಗಳು ಕುದುರೆಯ ಕಣ್ಣುಪಟ್ಟಿಯ ಹಾಗೆ ಕಿವಿಯ ಪಕ್ಕ ನೇತಾಡುತ್ತವೆ. ಬಾಗಿಲಿನಂತೆ ತಿರುಗಿಸಿ ಮುಂದಿನಿಂದ ಸದ್ದು ಬರುವಂತೆ ಮಾಡಬಹುದು. ಹೊರಕಿವಿಗೆ ಮತ್ತೆ ಕೆಲಸ ಸಿಕ್ಕಿತು, ಎಡದ ಸದ್ದು ಬಲಕ್ಕೂ ಒಂದಿಷ್ಟು ಸೋರಿತು. ಬೆಲೆಯಾಗಿ ಮಂದ್ರ ಸೊರಗಿತು, ನುಡಿಸಲು ಸ್ಪೀಕರಿನ ಆಂಪ್ಲಿಫೈಯರೇ ಬೇಕಾಯಿತು. ನನಗೆ ಇವೆಲ್ಲವುಗಳಲ್ಲಿ ಅತ್ಯಂತ ಪ್ರಾಮಾಣಿಕ ಯಂತ್ರ ಅದೇ ಅನಿಸುತ್ತದೆ.

2009ರಲ್ಲಿ ಬಂದ ಸೆನ್‌ಹೈಸರಿನ ಎಚ್‌ಡಿ 800 ಸ್ಟೇಜಿನ ವಿಷಯದಲ್ಲಿ ಇವತ್ತಿಗೂ ಉದಾಹರಣೆಗೆ ನಿಲ್ಲುವ ಹೆಸರು. ಬಂದ ಹೊಸತರಲ್ಲಿ ಅಮೆರಿಕದಲ್ಲಿ ಅದರ ಬೆಲೆ ಸುಮಾರು 1400 ಡಾಲರ್ ಇತ್ತು. ಉಂಗುರದ ಆಕಾರದ 56 ಮಿಲಿಮೀಟರ್ ಪೊರೆ, ಕಿವಿಯಿಂದ ದೂರದಲ್ಲಿ, ಮುಂದಿನಿಂದ ಓರೆಯಾಗಿ ಹೊರಕಿವಿಗೆ ಬಡಿಯುವಂತೆ ಕೂರಿಸಿದ್ದಾರೆ. ವಿನ್ಯಾಸದ ಗುಣ ನಿಜ. ಆದರೆ ಅಳೆದು ನೋಡಿದವರಿಗೆ 6000 ಹರ್ಟ್ಸ್ ಬಳಿ ಚೂಪಾದ ಉಬ್ಬೊಂದು ಕಂಡಿತು. 2016ರ ಹೊಸ ಮಾದರಿಯಲ್ಲಿ ಕಂಪನಿಯವರು ಅದನ್ನು ಹೀರಿಕೊಳ್ಳುವ ಏರ್ಪಾಡು ಮಾಡಿದರು. ಕೆಲವು ಅಭಿಮಾನಿಗಳು ಹಳೆಯದರ ಸ್ಟೇಜೇ ವಿಶಾಲವಾಗಿತ್ತು ಎಂದರು. ಅಗಲ ತಂದದ್ದು ಓರೆಯೋ ಉಬ್ಬೋ? ನನ್ನ ಎಣಿಕೆಯಲ್ಲಿ ಎರಡೂ. ಪ್ರಮಾಣ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು.

ಇನ್ನೊಂದು ದಾರಿ ಧ್ವನಿಮುದ್ರಣವನ್ನೇ ಬದಲಿಸುವುದು. 1933ರ ಚಿಕಾಗೋ ಮೇಳದಲ್ಲಿ ಬೆಲ್ ಪ್ರಯೋಗಾಲಯದವರು ಆಸ್ಕರ್ ಎಂಬ ಬೊಂಬೆಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಅದರ ಕಿವಿಯ ಬಳಿ ಮೈಕ್ ಇಟ್ಟು, ಜನರಿಗೆ ರಿಸೀವರು ಕೊಟ್ಟರು. ಬೊಂಬೆಯ ಸುತ್ತ ಯಾರು ನಡೆದರೂ ಜನ ತಮ್ಮ ಸುತ್ತ ನಡೆದಂತೆ ಬೆಚ್ಚುತ್ತಿದ್ದರು. 1973ರಲ್ಲಿ ನಾಯ್ಮನ್ ಕಂಪನಿ ನಿಜವಾದ ಹೊರಕಿವಿ ಇರುವ ಬೊಂಬೆತಲೆಯನ್ನು ಬರ್ಲಿನ್ನಿನ ಪ್ರದರ್ಶನದಲ್ಲಿ ತೋರಿಸಿತು. ಅದೇ ವರ್ಷ ಅಲ್ಲಿನ ರೇಡಿಯೋ ಆ ವಿಧಾನದಲ್ಲಿ ಮುದ್ರಿಸಿದ ನಾಟಕವನ್ನೂ ಬಿತ್ತರಿಸಿತು. ಕೇಳಿದವರು ಬೆರಗಾದರು. ಒಂದು ತಕರಾರು ಮಾತ್ರ ಉಳಿಯಿತು: ಮುಂದೆ ನಿಂತು ಮಾತಾಡಿದವರು ಎಷ್ಟೋ ಜನರಿಗೆ ಹಿಂದಿನಿಂದ ಕೇಳಿಸಿದರು. ಕಾರಣ ನಿಮಗೀಗ ಗೊತ್ತು. ಅದು ಬೊಂಬೆಯ ಕಿವಿ, ನಿಮ್ಮದಲ್ಲ.

ಅಕ್ಕನ ಮಗನ ಮಾತಿಗೆ ಮರಳುತ್ತೇನೆ. ಅವನು ಅಂದದ್ದರಲ್ಲಿ ಅರ್ಧ ನಿಜವಿತ್ತು. ವಯಸ್ಸಾದಂತೆ ಮೊದಲು ಕೈಕೊಡುವುದು ತಾರದ ತುದಿ. ಹೊರಕಿವಿ ಗುರುತು ಬರೆಯುವುದೂ ಅಲ್ಲಿಯೇ. ಅವನಿಗೆ ಕಾಣುವ ಬರಹದ ಒಂದಿಷ್ಟು ಅಕ್ಷರ ನನಗೆ ಮಾಸಿವೆ. ಇದನ್ನು ಒಪ್ಪಿಕೊಳ್ಳಲು ಎರಡು ವಾರ ಹಿಡಿಯಿತು. ಉಳಿದರ್ಧ ಬೇರೆ: ಆ ಹೆಡ್‌ಫೋನ್ ಒತ್ತಿ ಬರೆದ ಮುಂದಿನ ಗುರುತು ಅವನ ಕಿವಿಯ ಬರಹಕ್ಕೆ ಹತ್ತಿರವಿತ್ತು, ನನ್ನದಕ್ಕೆ ಇರಲಿಲ್ಲ. ಅವನು ಅದನ್ನು ಕೊಂಡದ್ದು ಯಾರದೋ ವಿಮರ್ಶೆ ಓದಿ. ಬರೆದವರ ಕಿವಿಯೂ ಇವನದೂ ಹೋಲಿದ್ದು ಅದೃಷ್ಟ. ಅಷ್ಟೇ ಸಂಬಳ ಸುರಿದು ನನ್ನ ಹಾಗೆ ಬುರುಡೆಯೊಳಗೆ ಕಚೇರಿ ಕೇಳುತ್ತ, ತಪ್ಪು ನನ್ನದೇ ಎಂದುಕೊಂಡು ಕುಳಿತ ಹುಡುಗರೂ ಇರಬೇಕು.

ಮುಂದಿನ ಸಲ ಬಂದಾಗ ಅವನಿಗೆ ಹೆಡ್‌ಫೋನ್ ತೊಡಿಸಿ, 'ಈಗ ತಲೆಯನ್ನು ಎಡಕ್ಕೆ ತಿರುಗಿಸು' ಎಂದೆ. ತಿರುಗಿಸಿದ. 'ಹಾಡುವವರು ಎಲ್ಲಿದ್ದಾರೆ?' 'ಮುಂದೆಯೇ ಇದ್ದಾರೆ ಮಾಮ.' 'ಮೊದಲು ಕಿಟಕಿಯ ಹತ್ತಿರ ಇದ್ದರಲ್ಲ, ಈಗ ಬೀರುವಿನ ಹತ್ತಿರ ಯಾಕೆ ಬಂದರು?' ಹುಡುಗ ಪಕ್ಕನೆ ನಕ್ಕುಬಿಟ್ಟ. ನಿಜವಾದ ಕಚೇರಿಯಲ್ಲಿ ತಲೆ ತಿರುಗಿಸಿದರೆ ವೇದಿಕೆ ತಿರುಗುವುದಿಲ್ಲ. ಹಾನ್ಸ್ ವಲಾಕ್ ಎಂಬ ಮನೋವಿಜ್ಞಾನಿ 1940ರಲ್ಲೇ ತೋರಿಸಿದ್ದರು, ಮುಂದೆ ಹಿಂದೆ ಬಗೆಹರಿಸಲು ನಾವು ತಿಳಿಯದೆಯೇ ತಲೆಯನ್ನು ಅತ್ತಿತ್ತ ಆಡಿಸುತ್ತೇವೆ ಎಂದು. 2020ರಿಂದ ಆಪಲ್ ಕಂಪನಿಯ ಪುಟ್ಟ ಇಯರ್‌ಫೋನುಗಳು ತಲೆಯ ತಿರುಗುವಿಕೆಯನ್ನು ಅಳೆದು ಸದ್ದನ್ನು ಅದಕ್ಕೆ ತಕ್ಕಂತೆ ಸರಿಸತೊಡಗಿವೆ. ಹಾಡುವವರು ಕಿಟಕಿಯ ಹತ್ತಿರವೇ ಉಳಿಯುತ್ತಾರೆ. ಅದನ್ನೂ ಕೇಳಿದೆ. ನನ್ನ ಹಳೆಯ ಕಿವಿಗೂ ಗಾಯಕರು ಬುರುಡೆಯಿಂದ ಎದ್ದು ಹೊರಗೆ ಬಂದರು; ಹೆಚ್ಚು ದೂರವಲ್ಲ, ಒಂದು ಮೊಳ.

ಈ ಮೇಜಿನ ಮೇಲೆ ಎರಡು ಹೆಡ್‌ಫೋನ್ ಇಟ್ಟಿದ್ದೇನೆ. ಒಂದರ ಬೆನ್ನು ಮುಚ್ಚಿದೆ, ಇನ್ನೊಂದರದು ತೆರೆದಿದೆ. ತೆರೆದದ್ದು ಹಳೆಯದು, ಮೆತ್ತೆ ಮಾತ್ರ ಹೊಸದು. ಮೆತ್ತೆ ಸವೆದು ಚಪ್ಪಟೆಯಾದರೆ ಪೊರೆ ಕಿವಿಗೆ ಹತ್ತಿರವಾಗಿ ನಕ್ಷೆಯೂ ಬದಲಾಗುತ್ತದೆ, ಅದಕ್ಕೇ ಹಾಕಿಸಿದೆ. ಎರಡರಲ್ಲೂ ಒಂದೇ ಹಾಡಿದೆ. ಒಬ್ಬೊಬ್ಬರೇ ಬಂದು ಕಣ್ಣು ಮುಚ್ಚಿ ಕೇಳಿ. ಹಾಡುವವರು ಎಲ್ಲಿ ಕುಳಿತಿದ್ದಾರೆ ಎಂದು ಬೆರಳಿನಿಂದ ತೋರಿಸಿ, ಇಲ್ಲಿರುವ ಹಾಳೆಯಲ್ಲಿ ಗುರುತು ಹಾಕಿ. ಒಂದೇ ವಿನಂತಿ: ಪಕ್ಕದವರು ಕೇಳಿ ಮುಗಿಸುವವರೆಗೆ ನಿಮ್ಮದು ಎಲ್ಲಿ ಎಂದು ಅವರಿಗೆ ಹೇಳಬೇಡಿ.